ಸಾಕು ಎನ್ನುವ ಪಟ್ಟಿ

ಗದಗ ಪೇಟೆಯ ಸಿಂಚನವ್ವನ ಖಾನಾವಳಿಯಲ್ಲಿ, ಮಧ್ಯಾಹ್ನದ ಊಟಕ್ಕೆ ಜನ ಬಾಗಿಲವರೆಗೂ ನಿಂತು ಕಾಯುತ್ತಿದ್ದ ಹೊತ್ತಿಗೆ, ಜೋಳದ ರೊಟ್ಟಿ ಬಡಿಯುತ್ತಿದ್ದ ಆಕೆಯ ಬಲಗೈ ಗಾಳಿಯಲ್ಲೇ ನಿಂತುಬಿಟ್ಟಿತು.

ಆ ಕೈ ನಿಂತಿತೆಂದರೆ ಊರೇ ನಿಂತ ಹಾಗೆ. ಸಿಂಚನವ್ವ ರೊಟ್ಟಿ ಬಡಿಯುವ ಸದ್ದು ಕೇಳಿಕೊಂಡೇ ಆ ಓಣಿಯ ಗಡಿಯಾರಗಳೆಲ್ಲ ನಡೆಯುತ್ತಿದ್ದವು. ಆಕೆಯ ರೊಟ್ಟಿ ಎಷ್ಟು ತೆಳು ಎಂದರೆ, ಒಂದನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿದರೆ ಹುಬ್ಬಳ್ಳಿಯ ರೈಲು ಹೊರಟಿತೋ ಇಲ್ಲವೋ ತಿಳಿಯುತ್ತಿತ್ತು. ರೊಟ್ಟಿ ಮಾಡುವ ಯಂತ್ರಗಳು ಬಂದು ಬಹಳ ವರ್ಷಗಳಾಗಿದ್ದವು, ತಾಸಿಗೆ ಸಾವಿರ ಉಗುಳುತ್ತಿದ್ದವು, ಎಲ್ಲ ನಿಜ. ಆದರೆ ಸಿಂಚನವ್ವನ ರೊಟ್ಟಿಯ ಪಕ್ಕದಲ್ಲಿ ಯಂತ್ರದ ರೊಟ್ಟಿಯನ್ನು ಇಟ್ಟರೆ ಅದು ನಾಚಿಕೆಯಿಂದ ತಾನಾಗಿಯೇ ಮುರಿದು ಬೀಳುತ್ತಿತ್ತು.

ಈಗ ಆ ಕೈ ನಿಂತಿದೆ. ಹಿಂಗೈಯಿಂದ ಮುಂಗೈಯ ನಡುವಿನವರೆಗೆ ಬರುವ ಬೂದುಬಣ್ಣದ ಪಟ್ಟಿಯೊಂದು ಅದರ ಮೇಲಿದೆ. ಒಂದು ಗಳಿಗೆಯ ಹಿಂದೆ ಹಳೆಯ ಸೀರೆಯ ಹಾಗೆ ಮೆತ್ತಗಿದ್ದದ್ದು ಈಗ ಕಲ್ಲಾಗಿದೆ. ಬೆರಳು ಆಡುತ್ತವೆ, ಮೊಣಕೈ ಆಡುತ್ತದೆ. ಮಣಿಕಟ್ಟು ಮಾತ್ರ ಹಿಂದಕ್ಕೂ ಬಾಗದು, ಮುಂದಕ್ಕೂ ಬಾಗದು.

"ಏನಾತ್ರಿ ಅಕ್ಕಾರ, ನಮಗೆಲ್ಲಾ ಆಶೀರ್ವಾದ ಮಾಡಾಕ ಹತ್ತೀರೇನು?" ಎಂದರು ಕಾರ್ತಿಕ ಮಾಸ್ತರು. ಭೂಗೋಳ ಕಲಿಸಿ ನಿವೃತ್ತರಾದ ಅವರು ಅಲ್ಲಿ ಎಷ್ಟು ಕಾಲದಿಂದ ಉಣ್ಣುತ್ತಿದ್ದರೆಂದರೆ, ಕುರ್ಚಿ ಅವರ ಆಕಾರಕ್ಕೆ ತಿರುಗಿ ಬೇರೆ ಯಾರನ್ನೂ ಕೂರಿಸಿಕೊಳ್ಳುತ್ತಿರಲಿಲ್ಲ.

"ಪಟ್ಟಿ ಸಾಕಂತರಿ," ಎಂದಳು ಸಿಂಚನವ್ವ, ಹಲ್ಲು ಕಚ್ಚಿ.

"ಅದಕ್ಕ ಸಾಕಾದ್ರ ಏನ್ರಿ, ನಮಗಿನ್ನೂ ಸಾಕಾಗಿಲ್ಲಲ್ಲ!"

ಎಲ್ಲರೂ ನಕ್ಕರು. ಅರ್ಧ ಬಡಿದ ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಅಂಚು ಬಿರಿಯುತ್ತ ಕೂತಿತ್ತು. ಜೋಳದ ಹಿಟ್ಟಿಗೆ ಕಾಯುವ ಗುಣವಿಲ್ಲ, ಬಿಟ್ಟರೆ ಬಿರಿಯುತ್ತದೆ. ಗಲ್ಲಾದ ಮೇಲೆ ಕೂತಿದ್ದ ಗಂಡ ರೋಹಿತಪ್ಪ ಒಮ್ಮೆ ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ. ಗಂಡಸಿನ ಕೈ ಇರುವುದು ರೊಟ್ಟಿ ಮುರಿಯುವುದಕ್ಕೇ ಹೊರತು ಬಡಿಯುವುದಕ್ಕಲ್ಲ ಎಂದು ಆ ಓಣಿಯಲ್ಲಿ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಷ್ಟು ಅದು ಎಲ್ಲರಿಗೂ ಗೊತ್ತಿತ್ತು.

ಇದು ನಡೆದದ್ದು ಎರಡು ಸಾವಿರದ ಅರವತ್ತಾರನೆಯ ಇಸವಿಯಲ್ಲಿ. ಸಿಂಚನಾ, ರೋಹಿತ ಎಂಬ ಹೆಸರಿನವರೆಲ್ಲ ಆ ಕಾಲಕ್ಕೆ ತಲೆ ನೆರೆತು, ಹೆಸರಿನ ಬಾಲಕ್ಕೆ ಅವ್ವ, ಅಪ್ಪ ಸೇರಿಸಿಕೊಂಡು ಕೂತಿದ್ದರು.

ಪಟ್ಟಿ ಬಂದದ್ದಕ್ಕೆ ಕಾರಣ ಒಂದು ವಾಸನೆ. ಅದಕ್ಕೂ ಕೆಲವು ತಿಂಗಳ ಹಿಂದಿನಿಂದ ಸಿಂಚನವ್ವನ ಬಲಗೈಯ ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತಿತ್ತು. ಇರುವೆ ಎಂದರೆ ನಾಲ್ಕಾರಲ್ಲ, ಜಗತ್ತಿನ ಅಷ್ಟೂ ಇರುವೆಗಳು ಅಲ್ಲೇ ಸಂತೆ ಕಟ್ಟಿದ ಹಾಗೆ. ನಿದ್ದೆಯಿಂದೆದ್ದು ಕೈ ಝಾಡಿಸಿದರೆ ಸ್ವಲ್ಪ ಹಗುರ. ಹಗಲಿಗೆ ಮತ್ತೆ ರೊಟ್ಟಿ. ಒಂದು ದಿನ ಆಕೆ ಗಿರಾಕಿಗಳ ಜೊತೆ ಮಾತಾಡುತ್ತ ರೊಟ್ಟಿ ಹೊರಳಿಸುವಾಗ ಕಾರ್ತಿಕ ಮಾಸ್ತರು ಮೂಗು ಎತ್ತಿ, "ಏನೋ ಸುಡಾಕ ಹತ್ತೇತ್ರಿ ಅಕ್ಕಾರ," ಎಂದರು. ಸುಡುತ್ತಿದ್ದದ್ದು ಆಕೆಯ ತೋರುಬೆರಳು. ಕಾದ ಹಂಚಿನ ಮೇಲೆ ಅದು ಆರಾಮಾಗಿ ಕೂತಿತ್ತು, ಆಕೆಗೆ ಗೊತ್ತೇ ಆಗಿರಲಿಲ್ಲ.

ಆ ಸುಟ್ಟ ಬೆರಳಿಗೆ ಸಿಂಚನವ್ವ ಅಳಲಿಲ್ಲ. ಆಕೆ ಕಂಗೆಟ್ಟದ್ದು ಬೇರೆಯದಕ್ಕೆ. ಧಾರವಾಡದಲ್ಲಿದ್ದ ಮಗಳು ಅನ್ವಿತಾ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳು. ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವವಳು ಅಜ್ಜಿ. ಹಂಡೆಯ ನೀರಿನ ಹದ ನೋಡುವುದು ಆಕೆಯ ಕೈ. ಹಂಚಿನ ಬಿಸಿಯೇ ತಿಳಿಯದ ಕೈಗೆ ನೀರಿನ ಬಿಸಿ ತಿಳಿಯುತ್ತದೆಯೇ?

ಈ ಒಂದು ಪ್ರಶ್ನೆ ಹೊತ್ತುಕೊಂಡೇ ಆಕೆ ಡಾಕ್ಟರ್ ಋತ್ವಿಕಾ ಕಮ್ಮಾರಳ ಹತ್ತಿರ ಹೋದದ್ದು. ಋತ್ವಿಕಾ ನರಗಳ ವಿಜ್ಞಾನಿ. ಹಿರಿಯರೆಲ್ಲ ಕಬ್ಬಿಣ ಕಾಸಿ ಮೆತ್ತಗೆ ಮಾಡಿದವರು, ಈಕೆ ಮೆತ್ತಗಿನದನ್ನು ಗಟ್ಟಿ ಮಾಡಲು ಹೊರಟವಳು. ದಿಲ್ಲಿಯವರು, ಜರ್ಮನಿಯವರು ಬಂದು ಕಾಲಿಗೆ ಬಿದ್ದು ಕರೆದರೂ ಹೋಗದೆ ಗದಗಿನಲ್ಲೇ ಪ್ರಯೋಗಾಲಯ ಹಾಕಿದ್ದಳು. ಕಾಲಿಗೆ ಬಿದ್ದಿರಲಿಕ್ಕಿಲ್ಲ, ಪತ್ರ ಬರೆದಿರಬಹುದು, ಎರಡೂ ಒಂದೇ.

"ಇಲ್ಲಿ ನೋಡ್ರಿ ಸಿಂಚನವ್ವಾರ," ಎಂದು ಆಕೆ ಮಣಿಕಟ್ಟಿನ ನಡುವೆ ಹೆಬ್ಬೆರಳೂರಿದಳು. "ಇಲ್ಲೊಂದು ಸುರಂಗ ಐತಿ. ಕೆಳಗ ಎಲುಬು, ಮ್ಯಾಲ ನಾರಿನ ಚಾವಣಿ. ಬೆರಳು ಮಡಚೂ ಒಂಬತ್ತು ಹುರಿ ಅದರಾಗಿಂದನ ಹಾಯ್ತಾವ. ಅವುಗಳ ನಡುವ ಒಂದು ನರ."

"ಅಂದ್ರ ನಮ್ಮ ಸಿಟಿ ಬಸ್ಸಿನಾಗ ನಿಂತಂಗ."

"ಅದರಂಗನ. ಕೈ ಬಗ್ಗಿಸಿ ಬಗ್ಗಿಸಿ ಹುರಿ ಬಾತುಕೊಂಡ್ರ, ನರ ಅಮುಕ್ಕೋತೈತಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟು ಜೋಮು ಹಿಡೀತಾವ. ಇದಕ್ಕ ಕಾರ್ಪಲ್ ಟನೆಲ್ ಸಿಂಡ್ರೋಮ್ ಅಂತಾರ."

"ಕಿರುಬೆರಳಿಗೆ ಏನೂ ಆಗಿಲ್ಲಲ್ರಿ?"

"ಅದರ ನರ ಬ್ಯಾರೆ ದಾರ್ಯಾಗ ಹೋಗತೈತಿ."

"ಶಾಣ್ಯಾ ಅದು," ಎಂದಳು ಸಿಂಚನವ್ವ ತನ್ನ ಕಿರುಬೆರಳನ್ನು ನೋಡುತ್ತ.

ಋತ್ವಿಕಾ ನಗಲಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಸ್ವಲ್ಪ ಇಳಿದದ್ದನ್ನು ಆಕೆ ಕಂಡಿದ್ದಳು. "ಚಾವಣಿ ಕತ್ತರಿಸಿ ನರಕ್ಕ ಜಾಗ ಮಾಡೂ ಆಪರೇಷನ್ ಐತ್ರಿ. ಸಣ್ಣದು."

"ಕೈ ಕಟ್ಟಿಸ್ಕೊಂಡು ಕುಂತ್ರ ಒಲಿ ಹಚ್ಚೋರು ಯಾರು? ಗಾಯದ ಕೈಲೆ ಕೂಸು ಹೆಂಗ ಹಿಡೀಲಿ?"

"ಹಂಗಾದ್ರ ಇದು." ಋತ್ವಿಕಾ ಬೂದು ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಅದರೊಳಗೆ ಕೂದಲಿಗಿಂತ ಸಣ್ಣ ಎಳೆಗಳಿದ್ದವು. ನರದಲ್ಲಿ ಸುಳಿವ ವಿದ್ಯುತ್ತು ನಿಧಾನವಾದರೆ ಅವಕ್ಕೆ ತಿಳಿಯುತ್ತಿತ್ತು, ಆ ಸುದ್ದಿ ಪ್ರಯೋಗಾಲಯದ ಪರದೆಗೂ ಹೋಗುತ್ತಿತ್ತು. ಎಳೆಗಳ ಸುತ್ತ ಒಂದು ದ್ರವ, ಸುಮ್ಮನಿದ್ದಾಗ ಎಣ್ಣೆ, ವಿದ್ಯುತ್ತು ಹರಿದರೆ ಕಲ್ಲು. ನರ ಉಸಿರು ಕಟ್ಟಿತೆಂದರೆ ಪಟ್ಟಿ ಗಟ್ಟಿಯಾಗಿ ಮಣಿಕಟ್ಟನ್ನು ನೆಟ್ಟಗೆ ಹಿಡಿಯುತ್ತಿತ್ತು, ದಣಿವು ಇಳಿದ ಮೇಲೆ ತಾನೇ ಸಡಿಲಾಗುತ್ತಿತ್ತು. "ನಿಮ್ಮ ನರ ಸತ್ತಿಲ್ಲ, ಸೋತೈತಿ. ಇದು ಸಾಕು ಅಂದಾಗ ನಿಂತ್ರ, ಕೂಸು ಬರೂದ್ರಾಗ ಬೆರಳಿಗೆ ಜೀವ ಬಂದೀತು. ನಿಲ್ಲಲಿಲ್ಲಂದ್ರ, ಆಮ್ಯಾಲ ಆಪರೇಷನ್ ಮಾಡಿದ್ರೂ ಪೂರ್ತಿ ಬರತೈತಿ ಅಂತ ನಾ ಮಾತು ಕೊಡೂದಿಲ್ಲ."

ಸಿಂಚನವ್ವ ಹೂಂ ಅಂದಳು. ಅಂದದ್ದೇನೋ ಮನಸ್ಸಿನಿಂದಲೇ. ಆದರೆ ಪಟ್ಟಿ ಕಟ್ಟಿಕೊಂಡ ಮೊದಲ ಮಧ್ಯಾಹ್ನವೇ ಕೈ ಗಾಳಿಯಲ್ಲಿ ನಿಂತು, ಗಿರಾಕಿಗಳು ಅನ್ನ ಸಾರು ಉಂಡು ಎದ್ದು ಹೋದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಕಾರ್ತಿಕ ಮಾಸ್ತರು, "ಬರೇ ಅನ್ನ ಉಂಡು ಉಂಡು ನಾ ಮೈಸೂರಿನವ ಆಗಾಕ ಹತ್ತೀನ್ರಿ," ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿಗೆ ಒಲೆ ಎರಡು ಸಲ ಆರಿತು.

ಅಂದು ಗಿರಾಕಿಗಳು ಹೋದ ಮೇಲೆ ಸಿಂಚನವ್ವ ಪಟ್ಟಿ ಬಿಚ್ಚಿದಳು. ಗಲ್ಲಾದ ಹತ್ತಿರ ಹೋಗಿ ರೋಹಿತಪ್ಪನ ಬಲಗೈ ಹಿಡಿದೆಳೆದು ಅದಕ್ಕೆ ಕಟ್ಟಿದಳು.

"ಇದೇನು?"

"ನೀವ ಹಾಕ್ಕೋರಿ. ನಿಮ್ಮ ಕೈಗೆ ಹೆಂಗಿದ್ರೂ ಕೆಲಸಿಲ್ಲ."

"ಡಾಕ್ಟರಿಗೆ ಮೋಸ ಅಲ್ಲೇನ ಇದು?"

"ನರದ ಸುದ್ದಿ ಬೇಕಂದಾರ. ಯಾರ ನರ ಅಂತ ಅಂದಿಲ್ಲ."

ರೋಹಿತಪ್ಪ ಬಳೆ ತೊಟ್ಟ ಮದುಮಗಳ ಹಾಗೆ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡ. ಹೆಂಡತಿಗೆ ಏನೋ ಉಪಕಾರ ಮಾಡಿದೆ ಎಂಬ ಸಮಾಧಾನವೂ ಆಯಿತು. ಖಾನಾವಳಿಯಲ್ಲಿ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ಓಣಿಯ ಗಡಿಯಾರಗಳು ನಡೆದವು.

ಅತ್ತ ಪ್ರಯೋಗಾಲಯದ ಪರದೆಯ ಮೇಲೆ ಸಿಂಚನವ್ವನ ಹೆಸರಿನ ಗೆರೆ ಹಾಲಿನ ಕೆನೆಯ ಹಾಗೆ ನುಣ್ಣಗಾಯಿತು. ಭೂಮಂಡಲದಲ್ಲಿ ಅಷ್ಟು ವಿಶ್ರಾಂತಿಯ ಕೈ ಇನ್ನೊಂದಿರಲಿಲ್ಲ. ಯೋಗಿಗಳ ಕೈಯಾದರೂ ಜಪಮಣಿ ಎಣಿಸುತ್ತದೆ, ಈ ಕೈ ಅದನ್ನೂ ಮಾಡುತ್ತಿರಲಿಲ್ಲ. ಋತ್ವಿಕಾ ಕುಣಿದಾಡುವುದೊಂದು ಬಾಕಿ. ಆಮೇಲೆ ನಿಧಾನವಾಗಿ ನೋಡಿದರೆ ಏನೋ ವಿಚಿತ್ರ. ದಿನವಿಡೀ ಮಲಗಿರುವ ಈ ಕೈ ಸಂಜೆಯ ಹೊತ್ತಿಗೆ ಎದ್ದು ಕೂತು, ನಡು ನಡುವೆ ಪಟಾರನೆ ಏನನ್ನೋ ಹೊಡೆಯುತ್ತಿತ್ತು. ರೊಟ್ಟಿ ಬಡಿಯುವ ಲಯ ಅದಲ್ಲ. ನೊಣ ಹೊಡೆಯುತ್ತಾಳೆಯೇ?

ಒಂದು ಸಂಜೆ ಆಕೆ ಖಾನಾವಳಿಗೇ ಬಂದಳು. ಬಾಗಿಲಲ್ಲೇ ಉತ್ತರ ಸಿಕ್ಕಿತು. ಕಾರ್ತಿಕ ಮಾಸ್ತರ ಎದುರು ಇಸ್ಪೀಟಿಗೆ ಕೂತಿದ್ದ ರೋಹಿತಪ್ಪ, ತುರುಪಿನ ಎಲೆಯನ್ನು ತಲೆಯ ಮೇಲೆ ಎತ್ತಿ ಮೇಜಿಗೆ ಪಟಾರನೆ ಬಡಿದ. ಬೂದುಬಣ್ಣದ ಪಟ್ಟಿ ದೀಪದ ಬೆಳಕಿಗೆ ಮಿನುಗಿತು.

"ನಮಸ್ಕಾರ್ರೀ, ಸಿಂಚನವ್ವಾರ," ಎಂದಳು ಋತ್ವಿಕಾ ರೋಹಿತಪ್ಪನಿಗೆ.

ರೋಹಿತಪ್ಪ ಕೈಯನ್ನು ಮೇಜಿನ ಕೆಳಗೆ ಅಡಗಿಸಿಕೊಂಡ. ಮಾಸ್ತರು ಎಲೆಗಳಲ್ಲಿ ಮುಖ ಮುಚ್ಚಿಕೊಂಡರು. ಸಿಂಚನವ್ವ ಹಿಟ್ಟಿನ ಕೈಯಲ್ಲೇ ಒಲೆಯ ಮುಂದಿನಿಂದ ಎದ್ದು ಬಂದಳು. "ತಪ್ಪು ನಂದ್ರಿ. ಜನ ಹಸಗೊಂಡು ಹೋಗೂದು ನೋಡಾಕಾಗಲಿಲ್ಲ. ಬಯ್ಯೂದಿದ್ರ ನನಗ ಬೈರಿ."

ಋತ್ವಿಕಾ ಬಯ್ಯಲಿಲ್ಲ. ಎರಡು ಸ್ಟೀಲಿನ ಲೋಟ ಕೇಳಿದಳು. ಒಂದರಲ್ಲಿ ಆಗಷ್ಟೇ ಸೋಸಿದ ಚಹಾ, ಇನ್ನೊಂದರಲ್ಲಿ ಕೊಡದ ತಣ್ಣೀರು. "ಕಣ್ಣು ಮುಚ್ಚರಿ," ಎಂದು ಸಿಂಚನವ್ವನ ತೋರುಬೆರಳಿನ ತುದಿಯನ್ನಷ್ಟೇ ಹಿಡಿದು ಲೋಟಕ್ಕೆ ತಾಗಿಸಿ, ಕೂಡಲೇ ತೆಗೆದಳು. "ಏನೈತ್ರಿ ಇದರಾಗ?"

ಸಿಂಚನವ್ವ ಹುಬ್ಬು ಗಂಟಿಕ್ಕಿದಳು. ಆ ಮುಖದಲ್ಲಿ ಪರೀಕ್ಷೆಗೆ ಕೂತ ಮಗುವಿನ ಹೆದರಿಕೆಯಿತ್ತು.

"ತಣ್ಣೀರು," ಎಂದಳು.

ಚಹಾದ ಲೋಟದಿಂದ ಆವಿ ಏಳುತ್ತಿತ್ತು. ಆಕೆ ಕಣ್ಣು ತೆರೆದು, ಲೋಟ ನೋಡಿ, ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಕೂಸು ಬ್ಯಾರೆಯವರ ಕೈಯಾಗ ಎರಸ್ಕೊಳ್ಳಲಿ ಬಿಡ್ರಿ," ಎಂದಳು.

ಮೂವತ್ತು ವರ್ಷ ಆ ಕೈಯ ರೊಟ್ಟಿ ತಿಂದಿದ್ದ ರೋಹಿತಪ್ಪ ಎದ್ದು ನಿಂತ. ಇಸ್ಪೀಟು ನೆಲಕ್ಕೆ ಬಿತ್ತು, ಅದರಲ್ಲಿ ಗೆಲ್ಲುವ ಎಲೆಗಳೂ ಇದ್ದವು. ಪಟ್ಟಿ ಬಿಚ್ಚಿ ಹೆಂಡತಿಯ ಕೈಗೆ ಕಟ್ಟಿದ. ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಒಲೆಯ ಮುಂದೆ ಚಕ್ಕಳಬಕ್ಕಳ ಹಾಕಿ ಕೂತ.

"ಹೇಳು. ಎಲ್ಲಿಂದ ಸುರು ಮಾಡ್ಲಿ?"

"ಏಳ್ರಿ ಸುಮ್ನ. ಜನ ನಗ್ತಾರ."

"ನಗಲಿ. ನಕ್ಕಷ್ಟು ಹಸಿವು ಜಾಸ್ತಿ ಆಕ್ಕೈತಿ."

ಅಂದಿನ ಮೊದಲ ರೊಟ್ಟಿಯನ್ನು ಮಾಸ್ತರು ತಟ್ಟೆಯಲ್ಲಿ ತಿರುಗಿಸಿ ತಿರುಗಿಸಿ ಪರೀಕ್ಷಿಸಿ, "ಇದು ಆಫ್ರಿಕಾರಿ. ಇಲ್ಲಿ ತೂತು ಬಿದ್ದದ್ದು ವಿಕ್ಟೋರಿಯಾ ಸರೋವರ," ಎಂದರು. ಎರಡನೆಯದು ಆಸ್ಟ್ರೇಲಿಯಾ. ಒಂದು ವಾರದಲ್ಲಿ ರೋಹಿತಪ್ಪ ಏಳೂ ಖಂಡಗಳನ್ನು ಬಡಿದು, ಇನ್ನೂ ಯಾರೂ ಕಂಡುಹಿಡಿಯದ ಎಂಟನೆಯದನ್ನೂ ಬಡಿದ. ಸಿಂಚನವ್ವ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತು ಹೇಳಿಕೊಡುತ್ತಿದ್ದಳು.

"ಹಂಗ ಗುದ್ದಬ್ಯಾಡ್ರಿ. ಅದು ತುರುಪಲ್ಲ. ಅಂಗೈ ಆಡಿಸಿದಂಗ ಅದು ತಾನಾಗೇ ತಿರುಗಬೇಕು."

"ತಿರುಗವಲ್ದಲ್ಲ!"

"ಎಸರು ಸಾಲದಾಗೈತಿ. ಹಿಟ್ಟು ಇನ್ನೊಂದೀಟು ನಾದ್ರಿ. ಕೂಸಿನ ಬೆನ್ನು ತಿಕ್ಕಿದಂಗ."

ಅವನ ಬೆರಳಲ್ಲಿ ಗುಳ್ಳೆ ಎದ್ದವು. ಮಣಿಕಟ್ಟು ಮುರಿದುಬಿದ್ದಷ್ಟು ನೋಯತೊಡಗಿತು. ಒಂದು ದಿನ ಕೆಲಸ ನಡುವೆಯೇ ನಿಲ್ಲಿಸಿ, ಮುಂಗೈ ಹಿಸುಕಿಕೊಳ್ಳುತ್ತ ಹೆಂಡತಿಯನ್ನು ನೋಡಿದ.

"ಇಷ್ಟು ನೋಯ್ತಿತ್ತೇನ ನಿನಗ? ಇಷ್ಟು ವರ್ಷಾ?"

"ಹೂಂ."

"ಒಂದ ಮಾತು ಹೇಳಬಾರದಿತ್ತ?"

"ನೀವು ಕೇಳಬಾರದಿತ್ರಿ?"

ರೋಹಿತಪ್ಪ ಮತ್ತೆ ಹಿಟ್ಟಿಗೆ ಕೈ ಹಾಕಿದ. ಆ ದಿನದ ರೊಟ್ಟಿ ಗುಂಡಗೆ ಬಂತು. ಚಂದ್ರನಷ್ಟಲ್ಲ, ಆದರೆ ಚಂದ್ರನಲ್ಲೂ ಕಲೆಗಳಿವೆ.

ಈ ಸುದ್ದಿ ಬೆಂಕಿಗಿಂತ ಬೇಗ ಹರಡಿತು. ಗದಗಿನಲ್ಲಿ ಕೈ ಸೋತವರಿಗೇನು ಬರವೇ? ಬೆಟಗೇರಿಯ ನೇಕಾರರು, ಕಚೇರಿಗಳಲ್ಲಿ ಕೀಲಿಮಣೆ ಕುಟ್ಟುವವರು, ಕ್ಷೌರದವರು, ಕೈಹೊಲಿಗೆಯವರು ಎಲ್ಲರೂ ಪಟ್ಟಿ ಕಟ್ಟಿಕೊಂಡರು. ಪಟ್ಟಿ ಕಲ್ಲಾದಾಗ "ಕೈ ಕುಂತತು" ಎನ್ನುವ ಮಾತು ಹುಟ್ಟಿತು. ಕೈ ಕೂತರೆ ಪಕ್ಕದವರು ಎತ್ತಿಕೊಳ್ಳಬೇಕು, ಅಷ್ಟೇ ನಿಯಮ, ಅದನ್ನು ಯಾರೂ ಬರೆದಿಡಲಿಲ್ಲ. ಅರ್ಧ ಮೀಸೆಗೆ ಕ್ಷೌರಿಕನ ಕೈ ಕೂತಾಗ ಸರದಿಗೆ ಕಾಯುತ್ತಿದ್ದವನೇ ಎದ್ದು ಇನ್ನರ್ಧ ಮುಗಿಸಿದ. ಆ ಮೀಸೆಯ ಎರಡು ಬದಿಗಳಿಗೆ ಇವತ್ತಿಗೂ ಮಾತುಕತೆ ಇಲ್ಲ. ಮಗ್ಗದಲ್ಲಿ ಒಬ್ಬನ ಕೈ ಕೂತಾಗ ಇನ್ನೊಬ್ಬ ಲಾಳಿ ಎಸೆದ. ಸಹಿ ಹಾಕುತ್ತಿದ್ದ ಸಾಹೇಬರ ಕೈ ಕೂತಾಗ ಮಾತ್ರ ಯಾರೂ ಎತ್ತಿಕೊಳ್ಳಲಾಗದೆ, ಕಚೇರಿಯವರೆಲ್ಲ ಮೊದಲ ಬಾರಿಗೆ ನೆಮ್ಮದಿಯಾಗಿ ಕೂತು ಊಟ ಮಾಡಿದರು.

ಇಷ್ಟಾದ ಮೇಲೆ ಋತ್ವಿಕಾಗೆ ಒಂದು ಚಿಂತೆ ಹತ್ತಿತು. ಊರಿನ ಪಟ್ಟಿಗಳು ಕಲ್ಲಾಗುವುದು ದಿನೇ ದಿನೇ ಕಡಿಮೆಯಾಗುತ್ತಿತ್ತು. ಪರದೆಯ ಮೇಲೆ ಗೆರೆಗಳೆಲ್ಲ ತಗ್ಗಿನಲ್ಲೇ ಹರಿಯುತ್ತಿದ್ದವು. ಜನ ಮತ್ತೆ ಪಟ್ಟಿಯನ್ನು ಗಂಡಂದಿರಿಗೆ ಕಟ್ಟಿರಬೇಕು ಎಂದುಕೊಂಡು ಮನೆಮನೆಗೆ ಹೋಗಿ ನೋಡಿದಳು. ಇಲ್ಲ, ಅವರವರ ಕೈಯಲ್ಲೇ ಇದ್ದವು. ಹಾಗಾದರೆ ದ್ರವ ಕೆಟ್ಟಿದೆ. ಅಳೆಯುವ ಮಾಪಕವನ್ನು ಹೆಗಲಿಗೆ ಹಾಕಿಕೊಂಡು, ಎಲ್ಲಕ್ಕಿಂತ ಹಳೆಯ ಪಟ್ಟಿಯನ್ನು ಪರೀಕ್ಷಿಸಲು ಖಾನಾವಳಿಗೆ ಬಂದಳು.

ಅವತ್ತೇ ಮನೆಯಲ್ಲಿ ಗಡಿಬಿಡಿ. ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದಿದ್ದ ಅನ್ವಿತಾ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ತಲೆಗೆ ಬಟ್ಟೆ ಬಿಗಿದು ಕೂತಿದ್ದಳು. ಹೊಕ್ಕಳು ಉದುರಿ, ಕೂಸಿಗೆ ಅಂದೇ ಮೊದಲ ಎರೆಯುವಿಕೆ. ಒಳಗೆ ಮಣೆಯ ಮೇಲೆ ಸಿಂಚನವ್ವ ಕಾಲು ಚಾಚಿ ಕೂತಿದ್ದಳು.

"ಬರ್ರಿ ಡಾಕ್ಟರ್ರ. ಪಟ್ಟಿ ಕೈಯಾಗ ಐತಿ, ನೀವು ಅಳಕೋತ ಇರ್ರಿ, ನಾ ಎರಕೋತ ಇರ್ತೀನಿ," ಎಂದಳು. ನೀರು ತಾಗಿದರೆ ಕೆಡುವ ಪಟ್ಟಿ ಅಲ್ಲ ಅದು. ಋತ್ವಿಕಾ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಮಾಪಕ ಜೋಡಿಸಿದಳು. ದ್ರವ ಸರಿಯಿತ್ತು. ಎಳೆಗಳೂ ಸರಿಯಿದ್ದವು.

ರೋಹಿತಪ್ಪ ಹಂಡೆಯಿಂದ ಬಕೆಟ್ಟಿಗೆ ನೀರು ಬಿಟ್ಟ. ಸಿಂಚನವ್ವ ಬಲಗೈಯನ್ನು ನೀರಿನ ಮೇಲೆ ತಂದು, ಅಲ್ಲೇ ಹಿಡಿದಳು. ಮುಳುಗಿಸಲು ಧೈರ್ಯವಾಗಲಿಲ್ಲ. ಅನ್ವಿತಾ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಗದಗಿನ ಗಾಳಿಯೂ ಕಿಟಕಿಯಲ್ಲಿ ನಿಂತು ಒಳಗೆ ಇಣುಕಿತೆನ್ನಬೇಕು. ಕೊನೆಗೆ ತೋರುಬೆರಳು, ನಡುಬೆರಳು ಒಟ್ಟಿಗೆ ನೀರಿಗಿಳಿದವು.

"ಯವ್ವಾ!" ಎಂದಳು. ಕೈ ಚಕ್ಕನೆ ಮೇಲೆ ಬಂತು. "ಕೋಳಿ ಕುದಿಸಾಕ ಹತ್ತೀರೇನ್ರಿ? ಅರ್ಧ ಬಕೀಟು ತಣ್ಣೀರು ಹಾಕ್ರಿ!"

ರೋಹಿತಪ್ಪ ತನ್ನ ಕೈ ಅದ್ದಿ ನೋಡಿ, "ಹೌದು, ಬಿಸಿ ಐತಿ," ಎಂದು ನಗುತ್ತ ಅತ್ತ. ನಡುಬೆರಳ ತುದಿಯಲ್ಲಿ ಇನ್ನೂ ಒಂದಿಷ್ಟು ಜೋಮು ಉಳಿದಿತ್ತು. ಅದು ಹೋಗಲಿಕ್ಕಿಲ್ಲ ಎಂದು ಋತ್ವಿಕಾ ಮೊದಲೇ ಹೇಳಿದ್ದಳು. ಉಳಿದ ಬೆರಳುಗಳು ನೀರಿನ ಹದವನ್ನು ಕಂಡುಕೊಂಡವು, ಆಮೇಲೆ ಕೂಸಿನ ಬೆನ್ನನ್ನು, ಕುತ್ತಿಗೆಯ ಮಡಿಕೆಯನ್ನು, ಕಿವಿಯ ಹಿಂದಿನ ಮೆತ್ತನೆಯ ರೋಮವನ್ನು. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತ ಆಕೆ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಕೂಸು ಮೊದಲು ಊರಿಗೆಲ್ಲ ಕೇಳುವ ಹಾಗೆ ಅತ್ತು, ಆಮೇಲೆ ಬಿಸಿನೀರಿನ ಸುಖಕ್ಕೆ ಬಾಯಿ ಮುಚ್ಚಿ ಕಣ್ಣರಳಿಸಿತು.

ನಾಲ್ಕು ತಂಬಿಗೆ ನೀರು ಸುರಿದ ಮೇಲೆ ಸಿಂಚನವ್ವ ತಲೆ ಎತ್ತಿದಳು. "ಏನ್ರೀ, ನನ್ನ ಕೈ ಸೋತ್ವು. ಉಳಿದದ್ದು ನೀವು ಎರೀರಿ."

ರೋಹಿತಪ್ಪ ಆಗಲೇ ಪಂಚೆ ಎತ್ತಿ ಕಟ್ಟಿ ಎರಡನೆಯ ಮಣೆ ಹಾಕಿಕೊಳ್ಳುತ್ತಿದ್ದ. ಕೂಸು ಒಂದು ಜೊತೆ ಕಾಲಿನಿಂದ ಇನ್ನೊಂದು ಜೊತೆ ಕಾಲಿಗೆ ದಾಟಿತು.

ಋತ್ವಿಕಾ ಮಾಪಕ ನೋಡಿದಳು. ಗೆರೆ ಅರ್ಧಕ್ಕೂ ಏರಿರಲಿಲ್ಲ. "ಪಟ್ಟಿ ಇನ್ನೂ ಏನೂ ಅಂದಿಲ್ಲಲ್ರೀ, ಸಿಂಚನವ್ವಾರ."

"ಅದು ಅನ್ನೂ ತನಕ ಯಾಕ ಕಾಯಬೇಕ್ರಿ ಡಾಕ್ಟರ್ರ? ನನಗ ಬಾಯಿ ಇಲ್ಲೇನು?"

ಋತ್ವಿಕಾ ಮಾಪಕದ ಗುಂಡಿ ಒತ್ತಿ ಆರಿಸಿದಳು. ಊರಿನ ಯಾವ ಪಟ್ಟಿಯೂ ಕೆಟ್ಟಿರಲಿಲ್ಲ. ಅವು ಕಲ್ಲಾಗುವುದರೊಳಗೆ ಯಾರೋ ಒಬ್ಬರು ಸಾಕು ಎನ್ನುತ್ತಿದ್ದರು, ಪಕ್ಕದ ಇನ್ನೊಬ್ಬರು ಕೈ ಚಾಚುತ್ತಿದ್ದರು. ಕೂದಲಿಗಿಂತ ಸಣ್ಣ ಎಳೆ, ಕಲ್ಲಾಗುವ ಎಣ್ಣೆ, ಆಕೆಯ ಅರ್ಧ ಆಯುಷ್ಯ, ಇಷ್ಟೆಲ್ಲ ಸೇರಿ ಒಂದು ಊರಿಗೆ ಕಲಿಸಿದ್ದು ಇಷ್ಟನ್ನು. ಸಾಕು ಎನ್ನುವ ಮಾತಿಗೆ ವಿದ್ಯುತ್ತು ಬೇಕಿರಲಿಲ್ಲ. ನಲವತ್ತು ವರ್ಷಗಳ ಹಿಂದೆಯೂ ಯಾವುದಾದರೂ ಒಲೆಯ ಮುಂದೆ, ಯಾವುದಾದರೂ ಮೇಜಿನ ಮುಂದೆ ಕೂತು ಕೈ ಝಾಡಿಸಿಕೊಳ್ಳುತ್ತಿದ್ದವರು ಅದನ್ನು ಹೇಳಬಹುದಿತ್ತು. ಹೇಳಲು ಸಂಕೋಚವಾದರೆ ಎದುರಿಗಿದ್ದವರು ಕೇಳಬಹುದಿತ್ತು. ಆಗಲೂ ಅಂಥ ಪ್ರತಿ ಮನೆಯಲ್ಲೂ ಇನ್ನೊಂದು ಜೊತೆ ಕೈ ಇದ್ದೇ ಇದ್ದವು.